ಸಂಜಯನ ಕಣ್ಣು, ಧೃತರಾಷ್ಟ್ರನ ಕಿವಿ



ಮಾರ್ಗಶಿರ ಶುದ್ಧ ಏಕಾದಶಿಯಂದು ನಾವೆಲ್ಲರೂ ಗೀತಾಜಯಂತಿಯನ್ನು ಆಚರಿಸುತ್ತೇವೆ. ಉಪವಾಸವಿದ್ದು ಹದಿನೆಂಟು ಅಧ್ಯಾಯಗಳ ಪಾರಾಯಣ ಮಾಡುತ್ತೇವೆ; ಮಕ್ಕಳಿಂದ ಕಂಠಪಾಠ ಮಾಡಿಸಿ ಬಹುಮಾನ ಕೊಡುತ್ತೇವೆ. ಆದರೆ ಈ ಮಹಾಗ್ರಂಥದ ಮೊದಲ ಮಾತನ್ನು ಆಡಿದವನು ಭಗವಂತನಲ್ಲ, ಅರ್ಜುನನೂ ಅಲ್ಲ, ಕಣ್ಣು ಕಾಣದ ಒಬ್ಬ ವೃದ್ಧ ರಾಜ ಎಂಬುದರ ಕಡೆಗೆ ನಮ್ಮಲ್ಲಿ ಎಷ್ಟು ಮಂದಿಯ ಗಮನ ಹೋಗಿದೆ?

ಯುದ್ಧಕ್ಕೆ ಮುಂಚೆ ಭಗವಾನ್ ವೇದವ್ಯಾಸದೇವರು ಹಸ್ತಿನಾವತಿಗೆ ಬಂದರು. ಬೇಕಾದರೆ ನಿನಗೆ ದೃಷ್ಟಿಯನ್ನು ಕೊಡುತ್ತೇನೆ, ಯುದ್ಧವನ್ನು ನೀನೇ ನೋಡು ಎಂದು ಧೃತರಾಷ್ಟ್ರನಿಗೆ ತಿಳಿಸಿದರು. ಬಂಧುಗಳ ವಧೆಯನ್ನು ಕಣ್ಣಾರೆ ಕಾಣಲು ಅವನ ಮನಸ್ಸು ಒಪ್ಪಲಿಲ್ಲ. ಆದರೆ ಎಲ್ಲವನ್ನೂ ಕೇಳಬೇಕೆಂಬ ಆಸೆಯಿತ್ತು. ಆಗ ವ್ಯಾಸದೇವರು ಏನು ಮಾಡಿದರು? ‘ದೃಷ್ಟಿ ಬೇಡವೆಂದೆಯಲ್ಲ, ಇನ್ನು ನಿನ್ನ ಹಣೆಬರಹ’ ಎಂದು ಹೊರಟುಹೋಗಲಿಲ್ಲ. ಸಂಜಯನನ್ನು ಕರೆದು ದಿವ್ಯದೃಷ್ಟಿಯನ್ನು ಅವನಿಗೆ ಅನುಗ್ರಹಿಸಿದರು. ಹಗಲು ನಡೆದದ್ದು, ರಾತ್ರಿ ನಡೆದದ್ದು, ಇನ್ನೊಬ್ಬರ ಮನಸ್ಸಿನಲ್ಲಿ ಹೊಳೆದದ್ದು ಕೂಡ ಅವನಿಗೆ ಗೋಚರವಾಗಲಿ ಎಂದರು. ಕಾಣದವನಿಗಾಗಿ ಕಾಣುವವನಿಗೆ ಶಕ್ತಿ ಸಿಕ್ಕಿತು. ಇದನ್ನು ಏರ್ಪಡಿಸಿದವರು ಸಾಕ್ಷಾತ್ ನಾರಾಯಣನ ಅವತಾರವಾದ ವೇದವ್ಯಾಸರು. ಆದ್ದರಿಂದ ಇದೊಂದು ಕಥಾಸಂದರ್ಭ ಮಾತ್ರವೆಂದು ನಾವು ದಾಟಿಹೋಗುವಂತಿಲ್ಲ.

ಸಂಜಯನು ಹೇಳಿದ ರೀತಿಯನ್ನು ಗಮನಿಸಿ. ಭೀಷ್ಮಾಚಾರ್ಯರು ಶರಶಯ್ಯೆಯನ್ನು ಸೇರಿದ ಮೇಲೆ ರಣರಂಗದಿಂದ ಬಂದು ಅವನು ವರದಿ ಒಪ್ಪಿಸುತ್ತಾನೆ. ‘ಎರಡೂ ಸೈನ್ಯಗಳು ನಿಂತಿದ್ದವು, ಶಂಖ ಊದಿದರು, ಯುದ್ಧ ಆರಂಭವಾಯಿತು’ ಎಂದು ಮೂರು ಮಾತಿನಲ್ಲಿ ಅವನು ಮುಗಿಸಬಹುದಿತ್ತು. ಹಾಗೆ ಮಾಡಲಿಲ್ಲ. ರಥಕ್ಕೆ ಹೂಡಿದ ಕುದುರೆಗಳ ಬಣ್ಣ ಬಿಳುಪು ಎಂದು ಹೇಳುತ್ತಾನೆ. ಭಗವಂತನು ಊದಿದ್ದು ಪಾಂಚಜನ್ಯ, ಅರ್ಜುನನದು ದೇವದತ್ತ, ಭೀಮಸೇನದೇವರದು ಪೌಂಡ್ರ, ಧರ್ಮರಾಜನದು ಅನಂತವಿಜಯ, ನಕುಲ ಸಹದೇವರದು ಸುಘೋಷ ಮಣಿಪುಷ್ಪಕಗಳು ಎಂದು ಒಂದೊಂದು ಶಂಖದ ಹೆಸರನ್ನೂ ಹೇಳುತ್ತಾನೆ. ಅರ್ಜುನನ ಕೈಯಿಂದ ಬಿಲ್ಲು ಜಾರಿದ್ದನ್ನೂ ಅವನ ಕಣ್ಣು ತುಂಬಿದ್ದನ್ನೂ ಬಿಡುವುದಿಲ್ಲ. ಕೇಳುವವನಿಗೆ ಕಣ್ಣಿಲ್ಲ, ಆದ್ದರಿಂದ ಹೇಳುವವನ ಹೊಣೆ ಹೆಚ್ಚು ಎಂಬ ಎಚ್ಚರ ಅವನ ಪ್ರತಿಯೊಂದು ಮಾತಿನಲ್ಲಿಯೂ ಇದೆ. ಆ ಎಚ್ಚರದ ಫಲವಾಗಿ, ಅಂದು ಕುರುಕ್ಷೇತ್ರದಲ್ಲಿ ಇಲ್ಲದಿದ್ದ ನಮ್ಮೆಲ್ಲರಿಗೂ ಗೀತೆ ದೊರಕಿತು. ಒಬ್ಬ ಅಂಧನಿಗಾಗಿ ಮಾಡಿದ ವ್ಯವಸ್ಥೆಯ ಶೇಷಪ್ರಸಾದವನ್ನೇ ನಾವೆಲ್ಲರೂ ಇಂದಿಗೂ ಸ್ವೀಕರಿಸುತ್ತಿದ್ದೇವೆ.

ಈ ಮಾತು ನನಗೆ ಮೊದಲೇ ಹೊಳೆದಿತ್ತೆಂದು ಹೇಳಿದರೆ ಅದು ಅಸತ್ಯವಾಗುತ್ತದೆ. ಗೀತೆಯನ್ನು ಎಷ್ಟೋ ಸಲ ಪಾಠ ಹೇಳಿದ್ದೇನೆ, ಹೊಳೆದಿರಲಿಲ್ಲ. ಹೊಳೆಯುವಂತೆ ಮಾಡಿದವನು ನಮ್ಮ ಶಾಖೆಗೆ ಬರುವ ಒಬ್ಬ ತರುಣ. ಬ್ಯಾಂಕಿನಲ್ಲಿ ಉದ್ಯೋಗ, ಹುಟ್ಟಿನಿಂದ ದೃಷ್ಟಿಯಿಲ್ಲ. ತಂದೆಯವರು ಪರಂಧಾಮ ಸೇರಿ ಎರಡು ವರ್ಷವಾಗಿದೆ. ಒಂದು ದಿನ ತೀರ್ಥಪ್ರಸಾದವಾದ ಮೇಲೆ ನನ್ನ ಬಳಿ ಬಂದು ಕೇಳಿದ: “ಆಚಾರ್ಯರೇ, ಮಠದ ಪಂಚಾಂಗವನ್ನು ಎಲ್ಲರಿಗೂ ಮೊಬೈಲಿಗೆ ಕಳಿಸಿದಿರಲ್ಲ, ನನಗೂ ಬಂತು. ಆದರೆ ನನ್ನ ಫೋನು ಅದನ್ನು ಓದುವುದಿಲ್ಲ. ತಂದೆಯವರ ಶ್ರಾದ್ಧದ ತಿಥಿ ಯಾವತ್ತು ಬರುತ್ತದೆ ಎಂದು ಪ್ರತಿ ಸಲವೂ ಪಕ್ಕದ ಮನೆಯವರನ್ನು ಕೇಳಬೇಕು. ಏಕಾದಶಿಗೂ ಹಾಗೆಯೇ.”

ಪೇಟೆಯಲ್ಲಿ ಸಿಗುವ ಕ್ಯಾಲೆಂಡರನ್ನೋ ಫೋನಿನಲ್ಲಿರುವ ತಿಥಿಪಟ್ಟಿಯನ್ನೋ ನೋಡಿಕೊಳ್ಳಬಾರದೇ ಎಂದು ಯಾರಾದರೂ ಕೇಳಬಹುದು. ನಮ್ಮ ಮನೆಗಳಲ್ಲಿ ಹುಟ್ಟಿದವರಿಗೆ ಉತ್ತರ ಗೊತ್ತಿದೆ. ದಶಮೀವೇಧವಿದ್ದರೆ ನಮ್ಮ ಉಪವಾಸ ಮರುದಿನಕ್ಕೆ ಹೋಗುತ್ತದೆ. ಸ್ಮಾರ್ತರ ಏಕಾದಶಿ ಒಂದು ದಿನ, ನಮ್ಮದು ಇನ್ನೊಂದು ದಿನ. ಮಠದ ಪಂಚಾಂಗವಿಲ್ಲದೆ ನಿರ್ಣಯವಿಲ್ಲ. ಅದನ್ನು ನಾವು ಆ ತರುಣನಿಗೆ ಕಳಿಸಿದ್ದು ಹೇಗೆ? ಅಚ್ಚಾದ ಪುಟಗಳ ಫೋಟೋ ತೆಗೆದು! ಕಳಿಸಿದವನು ನಾನೇ. ಅವನ ಫೋನಿನ ಪಾಲಿಗೆ ಅದು ಪಂಚಾಂಗವೂ ಅಲ್ಲ, ಅಕ್ಷರವೂ ಅಲ್ಲ. ಬರಿಯ ಒಂದು ಚಿತ್ರ.

ಅಂಧರು ಫೋನನ್ನೂ ಗಣಕಯಂತ್ರವನ್ನೂ ಬಳಸುವ ಬಗೆಯನ್ನು ಅಂದು ಅವನೇ ನನಗೆ ತೋರಿಸಿಕೊಟ್ಟ. ಪರದೆಯ ಮೇಲಿರುವ ಅಕ್ಷರಗಳನ್ನು ಗಟ್ಟಿಯಾಗಿ ಓದಿಹೇಳುವ ತಂತ್ರಾಂಶವೊಂದು ಒಳಗಿರುತ್ತದೆ. ಗಣಕಯಂತ್ರಕ್ಕೆಂದು ಎನ್‌ವಿಡಿಎ ಎಂಬ ತಂತ್ರಾಂಶವನ್ನು ಆಸ್ಟ್ರೇಲಿಯಾದ ಇಬ್ಬರು ೨೦೦೬ರಲ್ಲಿ ಆರಂಭಿಸಿದರು. ಇಬ್ಬರೂ ಸ್ವತಃ ದೃಷ್ಟಿಹೀನರು. ಅದನ್ನು ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು, ಕನ್ನಡವನ್ನೂ ಅದು ಓದುತ್ತದೆ. ಆದರೆ ಓದಲು ಅಕ್ಷರ ಅಕ್ಷರವಾಗಿಯೇ ಇರಬೇಕು. ನಮ್ಮ ಕನ್ನಡದ ಮುದ್ರಣದಲ್ಲಿ ಇನ್ನೊಂದು ತೊಡಕಿದೆ. ೧೯೯೦ರ ದಶಕದಲ್ಲಿ ಗಣಕಯಂತ್ರದಲ್ಲಿ ಅಕ್ಷರ ಜೋಡಿಸುವ ಪದ್ಧತಿ ಬಂದಾಗ ಒಬ್ಬೊಬ್ಬರು ಒಂದೊಂದು ಲಿಪಿವಿನ್ಯಾಸ ಮಾಡಿಕೊಂಡು, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ರೂಪಗಳನ್ನು ಕೂರಿಸಿದರು. ನೋಡುವವರ ಕಣ್ಣಿಗೆ ಅಲ್ಲಿ ‘ಶ್ರೀಹರಿ’ ಎಂದಿರುತ್ತದೆ. ಯಂತ್ರದ ಒಳಗೆ ಇಂಗ್ಲಿಷ್ ಅಕ್ಷರಗಳ ಗೊಂದಲ. ಓದುವ ತಂತ್ರಾಂಶ ಆ ಗೊಂದಲವನ್ನೇ ಓದುತ್ತದೆ. ಯುನಿಕೋಡ್ ಎಂಬ ಸಾರ್ವತ್ರಿಕ ಸಂಕೇತದಲ್ಲಿ ಕನ್ನಡಕ್ಕೆ ೧೯೯೧ರಲ್ಲಿ, ಅದರ ಮೊದಲ ಆವೃತ್ತಿಯಲ್ಲಿಯೇ, ಸ್ಥಾನ ಸಿಕ್ಕಿತ್ತು. ಆದರೂ ಹಳೆಯ ವಿನ್ಯಾಸದಲ್ಲಿಯೇ ಜೋಡಿಸಿದ ಧಾರ್ಮಿಕ ಪುಸ್ತಕಗಳ ಕಡತಗಳು ನಮ್ಮಲ್ಲಿ ರಾಶಿರಾಶಿಯಾಗಿ ಬಿದ್ದಿವೆ. ಆ ತರುಣನ ಪಾಲಿಗೆ ಅವೆಲ್ಲ ಮುಚ್ಚಿದ ಬಾಗಿಲುಗಳು.

ಬ್ರೈಲ್ ಇಲ್ಲವೇ ಎಂದೂ ನಾನು ಕೇಳಿದೆ. ಇದೆ. ಫ್ರಾನ್ಸಿನ ಲೂಯಿ ಬ್ರೈಲ್ ೧೮೨೯ರಲ್ಲಿ ತನ್ನ ಲಿಪಿಯನ್ನು ಪ್ರಕಟಿಸಿದಾಗ ಇಪ್ಪತ್ತರ ಹುಡುಗ. ಬಾಲ್ಯದಲ್ಲಿಯೇ ಕಣ್ಣು ಕಳೆದುಕೊಂಡಿದ್ದವನು. ಆರು ಚುಕ್ಕೆಗಳ ಆ ಲಿಪಿಯನ್ನು ಭಾರತೀಯ ಭಾಷೆಗಳಿಗೆ ಹೊಂದಿಸಿದ ಭಾರತಿ ಬ್ರೈಲ್ ೧೯೫೧ರಿಂದ ಬಳಕೆಯಲ್ಲಿದೆ; ಕನ್ನಡವೂ ಅದರಲ್ಲಿ ಸೇರಿದೆ. ಆದರೆ ಬ್ರೈಲ್ ಪುಸ್ತಕ ಬಹಳ ದಪ್ಪ, ಅದನ್ನು ಅಚ್ಚುಮಾಡುವ ಕೇಂದ್ರಗಳು ವಿರಳ. ಪ್ರತಿ ವರ್ಷವೂ ಬದಲಾಗುವ ಪಂಚಾಂಗಕ್ಕೆ ಸರಿಯಾದ ಅಕ್ಷರದ ಕಡತವೇ ಸುಲಭದ ದಾರಿ. ಕೃತಿಸ್ವಾಮ್ಯದ ಭಯವೂ ಬೇಡ. ೨೦೧೨ರ ತಿದ್ದುಪಡಿಯ ಪ್ರಕಾರ ಅಂಗವಿಕಲರಿಗೆ ಓದಲು ಬರುವ ರೂಪದಲ್ಲಿ, ಲಾಭದ ಉದ್ದೇಶವಿಲ್ಲದೆ, ಪುಸ್ತಕವನ್ನು ಸಿದ್ಧಪಡಿಸಿಕೊಡಲು ನಮ್ಮ ಕಾಯಿದೆಯಲ್ಲಿ ಅವಕಾಶವಿದೆ. ಇದೇ ವಿಷಯದ ಮರಕೇಶ ಒಪ್ಪಂದವನ್ನು ೨೦೧೪ರಲ್ಲಿ ಎಲ್ಲ ದೇಶಗಳಿಗಿಂತ ಮೊದಲು ಅನುಮೋದಿಸಿದ್ದು ಭಾರತವೇ. ಅಡ್ಡಿ ಕಾನೂನಿನಲ್ಲಿಲ್ಲ, ನಮ್ಮ ಅಲಕ್ಷ್ಯದಲ್ಲಿದೆ.

ಅಲಕ್ಷ್ಯಕ್ಕೆ ನಾವು ಒಂದು ಗೌರವದ ಹೆಸರನ್ನು ಇಟ್ಟುಕೊಂಡಿದ್ದೇವೆ: ಪ್ರಾರಬ್ಧ. ‘ಅವರವರ ಪ್ರಾರಬ್ಧ, ಅನುಭವಿಸಬೇಕು’ ಎಂದರೆ ಮಾತು ಮುಗಿಯಿತು. ಕರ್ಮಸಿದ್ಧಾಂತವನ್ನು ನಾವು ಒಪ್ಪಿದವರು, ಅದರಲ್ಲಿ ಸಂದೇಹವಿಲ್ಲ. ಪ್ರಾರಬ್ಧವನ್ನು ಜ್ಞಾನಿಗಳೂ ಅನುಭವಿಸಿಯೇ ತೀರಬೇಕು. ಆದರೆ ಆ ಮಾತನ್ನು ಶಾಸ್ತ್ರ ಹೇಳಿದ್ದು ದುಃಖಪಡುವವನ ಸಮಾಧಾನಕ್ಕೆ. ಪಕ್ಕದಲ್ಲಿ ಕೈಕಟ್ಟಿ ನಿಂತವನ ಸೋಮಾರಿತನಕ್ಕಲ್ಲ. ಹಸಿದು ಬಂದವನಿಗೆ ‘ನಿನ್ನ ಪ್ರಾರಬ್ಧ’ ಎಂದು ಹೇಳಿ ನಾವು ಬಾಗಿಲು ಹಾಕುತ್ತೇವೆಯೇ? ಅನ್ನ ಹಾಕುತ್ತೇವೆ. ನಮ್ಮ ಮನೆಯ ಮಗುವಿಗೆ ಕಣ್ಣಿನ ದೋಷ ಬಂದರೆ ಕನ್ನಡಕ ಹಾಕಿಸುತ್ತೇವೆ, ಆಗ ಪ್ರಾರಬ್ಧದ ಚರ್ಚೆ ಇರುವುದಿಲ್ಲ. ಚರ್ಚೆ ಹುಟ್ಟುವುದು ಬೇರೆಯವರ ಮಗುವಿನ ವಿಷಯದಲ್ಲಿ ಮಾತ್ರ!

ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಜೀವನು ಸ್ವರೂಪದಲ್ಲಿ ಜ್ಞಾನಾನಂದಾತ್ಮಕನು. ಅವನಿಗೆ ಸ್ವರೂಪದ ಇಂದ್ರಿಯಗಳುಂಟು, ಸಾಕ್ಷಿಯೇ ಆ ಇಂದ್ರಿಯ. ಜಡದೇಹದ ಕಣ್ಣು ಮುಚ್ಚಿದರೂ ಸಾಕ್ಷಿ ಮುಚ್ಚುವುದಿಲ್ಲ. ಕಾಲು ನಡೆಯದ ಮಾತ್ರಕ್ಕೆ ಬಿಂಬರೂಪಿಯಾದ ಭಗವಂತನು ಆ ಹೃದಯವನ್ನು ಬಿಟ್ಟುಹೋಗುವುದಿಲ್ಲ. ಭಾಗವತದ ಮೂರನೆಯ ಸ್ಕಂಧದಲ್ಲಿ ಕಪಿಲರೂಪಿ ಭಗವಂತನು ತಾಯಿಯಾದ ದೇವಹೂತಿಗೆ, ಸರ್ವಪ್ರಾಣಿಗಳಲ್ಲಿರುವ ತನ್ನನ್ನು ಉಪೇಕ್ಷಿಸಿ ಪ್ರತಿಮೆಯನ್ನು ಮಾತ್ರ ಪೂಜಿಸುವವನು ಬೂದಿಯಲ್ಲಿ ಹೋಮ ಮಾಡಿದಂತೆ ಎಂದು ಉಪದೇಶಿಸಿದ್ದಾನೆ. ಇನ್ನು ನಮ್ಮ ಮತದ ಮುಖ್ಯ ಪ್ರಮೇಯವೇ ಜಗತ್ತು ಸತ್ಯವೆಂಬುದು. ಹಾಗಾದರೆ ಮಠದ ಬಾಗಿಲಲ್ಲಿರುವ ಮೂರು ಮೆಟ್ಟಿಲುಗಳೂ ಸತ್ಯ. ಗಾಲಿಕುರ್ಚಿಯಲ್ಲಿ ಕುಳಿತು ಅವನ್ನು ಕೆಳಗಿನಿಂದ ನೋಡುವವರ ದುಃಖವೂ ಸತ್ಯ. ಮಿಥ್ಯೆಯೆಂದು ತಳ್ಳಿಹಾಕುವ ಅನುಕೂಲ ನಮಗಿಲ್ಲ.

ಮೂರು ಮೆಟ್ಟಿಲು ಎಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಬಾಗಲಕೋಟೆ ಕಡೆಯ ಒಂದು ಕುಟುಂಬ. ನಗರಕ್ಕೆ ಬಂದು ಮೂವತ್ತು ವರ್ಷ. ಮನೆಯ ಹಿರಿಯ ತಾಯಿಗೆ ಪಾರ್ಶ್ವವಾಯುವಾಗಿ ನಡೆಯಲಾಗದಂತಾಯಿತು. ಆರಾಧನೆಯ ದಿನ ಮಗ ಕಾರಿನಲ್ಲಿ ಕರೆತಂದ. ಮೆಟ್ಟಿಲ ಬಳಿ ಕಾರು ನಿಂತಿತು. ನಾನು ದೊಡ್ಡ ಉಪಕಾರ ಮಾಡುವವನಂತೆ, “ತಾಯಿ, ತಾವು ಇಳಿಯುವುದು ಬೇಡ, ತೀರ್ಥಪ್ರಸಾದ ಕಾರಿಗೇ ಕಳಿಸುತ್ತೇವೆ” ಎಂದೆ. ಆಕೆ ಹೇಳಿದರು: “ತೀರ್ಥ ಮನ್ಯಾಗೂ ಅದ, ಆಚಾರ್ಯ. ನಾ ಬಂದದ್ದು ಎಲ್ಲಾರ ಜೋಡಿ ಕೂಡ್ಲಿಕ್ಕೆ.” ತಕ್ಷಣ ನಾಲ್ಕು ಜನ ತರುಣರು ಗೋವಿಂದ ಗೋವಿಂದ ಎನ್ನುತ್ತಾ ಕುರ್ಚಿಯ ಸಹಿತ ಅವರನ್ನು ಎತ್ತಿ ಒಳಗೆ ತಂದರು. ಎಲ್ಲರಿಗೂ ಸಂತೋಷ, ಆ ತಾಯಿಯೊಬ್ಬರನ್ನು ಬಿಟ್ಟು. “ನನ್ನೇನು ಉತ್ಸವಮೂರ್ತಿ ಮಾಡೀರೇನು?” ಎಂದರು. ನಕ್ಕರೂ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಮುಂದಿನ ವರ್ಷ ಅವರು ಬರಲಿಲ್ಲ. ಬರುವುದಿಲ್ಲವೆಂದು ನನಗೆ ಅಂದೇ ತಿಳಿಯಬೇಕಾಗಿತ್ತು.

ಆಮೇಲೆ ಒಂದು ಹಲಗೆ ತಂದು ಮೆಟ್ಟಿಲಿನ ಮೇಲೆ ಒರಗಿಸಿದೆವು. ಖಾಲಿ ಕುರ್ಚಿಯೇ ಅದರ ಮೇಲಿಂದ ಜಾರಿ ರಸ್ತೆಗೆ ಹೋಯಿತು. ಲೆಕ್ಕ ತಿಳಿದ ಗೃಹಸ್ಥರೊಬ್ಬರು ವಿವರಿಸಿದರು: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ನಮ್ಮ ಮೂರು ಮೆಟ್ಟಿಲು ಸೇರಿ ಒಂದೂವರೆ ಅಡಿ, ಅಂದರೆ ೧೮ ಅಡಿ ಉದ್ದದ ಇಳಿಜಾರು. ಮಹಾನಗರದ ಬೀದಿಯಲ್ಲಿ ೧೮ ಅಡಿ ಜಾಗವನ್ನು ಎಲ್ಲಿಂದ ತರುವುದು? ಅಲ್ಲಿಗೆ ಕೈಬಿಟ್ಟಿದ್ದೆವು. ಒಂದು ದಿನ ಅಡಿಗೆಯವರು ಹಿಂಬದಿಯ ಬಾಗಿಲಿನಿಂದ ಅಡಿಗೆ ಅನಿಲದ ಸಿಲಿಂಡರನ್ನು ಉರುಳಿಸಿಕೊಂಡು ಒಳಗೆ ತರುವುದನ್ನು ಕಂಡೆ. ಅಲ್ಲಿ ಮೆಟ್ಟಿಲೇ ಇಲ್ಲ! ಅಕ್ಕಿಯ ಮೂಟೆಯೂ ಅಲ್ಲಿಂದಲೇ ಬರುತ್ತಿತ್ತು. ಅಕ್ಕಿಯ ಮೂಟೆಗೆ ಇದ್ದ ದಾರಿ ಆ ತಾಯಿಗೆ ಇರಲಿಲ್ಲ. ಪಾಕಶಾಲೆಯ ಮಡಿಗೆ ಭಂಗವಾಗದಂತೆ ಪಕ್ಕದ ಓಣಿಯ ಸಾಮಾನುಗಳನ್ನು ತೆರವು ಮಾಡಿಸಿ, ಗೋಡೆಗೆ ಹಿಡಿಕೆ ಹಾಕಿಸಿ, ಒಳಗಿನ ಉಪಯೋಗಕ್ಕೇ ಒಂದು ಗಾಲಿಕುರ್ಚಿಯನ್ನು ಇರಿಸಿದೆವು. ಹೊರಗಿನ ಕುರ್ಚಿ ಒಳಗೆ ಬಂದರೆ ಮಡಿ ಏನಾಯಿತು ಎಂಬ ಪ್ರಶ್ನೆಗೆ ಇದೇ ಉತ್ತರ. ಕಾಲು ತೊಳೆದು ಒಳಗೆ ಬರುವವರು ಗಾಲಿಯನ್ನೂ ತೊಳೆಯಬಹುದು. ಪಂಕ್ತಿಯಲ್ಲಿ ಕುರ್ಚಿ ಮೇಜು ಹಾಕುವಾಗ ಅವನ್ನು ಮೂಲೆಯಲ್ಲಿ ಬೇರೆಯಾಗಿ ಇಡದೆ, ಸಾಲಿನ ತುದಿಯಲ್ಲಿ ಸಾಲಿಗೆ ಸೇರಿಸಿ ಹಾಕುತ್ತೇವೆ. ಆ ದಾರಿಯಲ್ಲಿ ಈಗ ಯಾರು ಬರುತ್ತಾರೆ ಗೊತ್ತೇ? ಮಂಡಿನೋವಿನ ಅಜ್ಜಂದಿರು, ಎಳೆಗೂಸನ್ನು ಎತ್ತಿಕೊಂಡ ತಾಯಂದಿರು, ಕೆಲವೊಮ್ಮೆ ನಾನು.

ಶಾಸ್ತ್ರ ಇಂಥ ಮಾರ್ಪಾಡನ್ನು ಒಪ್ಪುವುದೇ ಎಂದು ಶಂಕಿಸುವವರಿದ್ದಾರೆ. ನೀರಿನಲ್ಲಿ ಮುಳುಗಲಾರದ ರೋಗಿಗೆ ಮಂತ್ರಸ್ನಾನ, ಮಾನಸಸ್ನಾನ ಮುಂತಾದವನ್ನು ಸ್ಮೃತಿಗಳೇ ವಿಧಿಸಿವೆ. ಉಪವಾಸದಲ್ಲಿ ವೃದ್ಧರ, ಬಾಲಕರ, ರೋಗಿಗಳ ಶಕ್ತಿಯನ್ನು ನೋಡಿ ದಾರಿ ಹೇಳಿವೆ. ಅಶಕ್ತನಿಗೆ ದಾರಿ ತೋರಿಸದ ಧರ್ಮಶಾಸ್ತ್ರ ನಮ್ಮದಲ್ಲ. ಆದರೆ ಒಂದು ಕಹಿಯನ್ನು ಅಡಗಿಸಬಾರದು: ಅಂಧ ಬಧಿರಾದಿಗಳಿಗೆ ಆಸ್ತಿಯಲ್ಲಿ ಪಾಲಿಲ್ಲ, ಅನ್ನವಸ್ತ್ರ ಮಾತ್ರ ಎಂಬ ವಚನಗಳೂ ಸ್ಮೃತಿಗಳಲ್ಲಿವೆ. ಆ ನಿಯಮವನ್ನು ಬಹುಮಟ್ಟಿಗೆ ೧೯೨೮ರ ಕಾಯಿದೆಯೂ, ಪೂರ್ತಿಯಾಗಿ ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯೂ ತೆಗೆದುಹಾಕಿದವು. ಆದರೂ ಊರಿನ ಮನೆಯ ಪಾಲುಪಟ್ಟಿಯಲ್ಲಿ ಮಾತು ಬಾರದ ತಮ್ಮನ ಹೆಸರನ್ನು ಬಿಟ್ಟು ಸಹಿ ಮಾಡಿಸಿಕೊಳ್ಳುವವರು ನಮ್ಮಲ್ಲಿ ಇಲ್ಲವೆಂದು ಎದೆ ಮುಟ್ಟಿ ಹೇಳಬಲ್ಲೆವೇ?

ದೇಶದ ಕಾಯಿದೆಯ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇನೆ, ತಿಳಿದಿದ್ದರೆ ಒಳ್ಳೆಯದು. ೧೯೯೫ರಲ್ಲಿ ಮೊದಲ ಸಮಗ್ರ ಕಾಯಿದೆ ಬಂತು. ಅದರ ಸ್ಥಾನದಲ್ಲಿ ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆ ಬಂದು ೨೧ ಬಗೆಯ ನ್ಯೂನತೆಗಳನ್ನು ಗುರುತಿಸಿತು. ಅಕ್ಷರ ಕಲಿಯಲು ಕಷ್ಟಪಡುವ ಮಕ್ಕಳ ಕಲಿಕಾ ನ್ಯೂನತೆಯೂ, ಆಟಿಸಂ ಸಹ ಅದರಲ್ಲಿ ಸೇರಿವೆ. ೬ರಿಂದ ೧೮ ವರ್ಷದವರೆಗೆ ಉಚಿತ ಶಿಕ್ಷಣ, ಉನ್ನತ ಶಿಕ್ಷಣದಲ್ಲಿ ಶೇಕಡಾ ೫, ಸರಕಾರಿ ಉದ್ಯೋಗದಲ್ಲಿ ಶೇಕಡಾ ೪ ಮೀಸಲಾತಿ. ಮನೆಯಲ್ಲಿ ಅಂಥ ಮಗುವಿದ್ದರೆ ಪ್ರಮಾಣಪತ್ರ ಮಾಡಿಸಿಕೊಳ್ಳಲು ಸಂಕೋಚಪಡಬೇಡಿ. ೨೦೨೫ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು, ಬ್ಯಾಂಕು ಮುಂತಾದ ಸೇವೆಗಳನ್ನು ಡಿಜಿಟಲ್ ಮಾರ್ಗದಲ್ಲಿ ಪಡೆಯುವ ಅವಕಾಶವು ಬದುಕುವ ಹಕ್ಕಿನ ಭಾಗವೆಂದು ತೀರ್ಪು ನೀಡಿತು. ಗುರುತು ಖಚಿತಪಡಿಸಲು ಕ್ಯಾಮರಾದ ಮುಂದೆ ಕಣ್ಣು ಮಿಟುಕಿಸಿ ಎಂದು ಯಂತ್ರ ಕೇಳುತ್ತದೆ. ಆಮ್ಲದಾಳಿಯಲ್ಲಿ ರೆಪ್ಪೆ ಕಳೆದುಕೊಂಡವರು ಏನು ಮಿಟುಕಿಸಬೇಕು? ೨೦೧೧ರ ಜನಗಣತಿಯಲ್ಲಿ ಅಂಗವಿಕಲರ ಸಂಖ್ಯೆ ೨ ಕೋಟಿ ೬೮ ಲಕ್ಷ. ಅಂಗವಿಕಲರು, ವಿಕಲಚೇತನರು, ವಿಶೇಷಚೇತನರು, ದಿವ್ಯಾಂಗರು ಎಂದು ಹೆಸರುಗಳನ್ನು ಮಾತ್ರ ನಾವು ಬದಲಾಯಿಸುತ್ತಾ ಬಂದಿದ್ದೇವೆ, ಹೊಸ್ತಿಲು ಹಾಗೆಯೇ ಇದೆ.

ಹೊಸ್ತಿಲಿಗಿಂತ ಎತ್ತರವಾದದ್ದು ನಮ್ಮ ಸಂಕೋಚ. ಮದುವೆ ಉಪನಯನಗಳಿಗೆ ಕುಟುಂಬವೆಲ್ಲ ಬರುತ್ತದೆ, ಒಂದು ಮಗು ಮಾತ್ರ ಮನೆಯಲ್ಲಿ ಉಳಿಯುತ್ತದೆ. ಕೂಗಿಕೊಳ್ಳುತ್ತದೆ, ಜನ ನೋಡುತ್ತಾರೆ, ಅಕ್ಕನ ಮದುವೆಗೆ ಅಡ್ಡಿಯಾಗುತ್ತದೆ ಎಂದೆಲ್ಲ ಕಾರಣ ಕೊಡುತ್ತಾರೆ. ಪ್ರವಚನದ ಮಧ್ಯೆ ಮಗು ಕೂಗಿದರೆ ನನಗೇನೂ ತೊಂದರೆಯಿಲ್ಲ. ಮೊಬೈಲು ಕೂಗಿದಾಗ ನೀವೆಲ್ಲ ಸಹಿಸಿಕೊಳ್ಳುತ್ತೀರಲ್ಲ! ಕಿವಿ ಕೇಳದವರು ಪ್ರವಚನಕ್ಕೆ ಬಂದು ಸುಮ್ಮನೆ ಕೈಮುಗಿದು ಕುಳಿತು ಹೋಗುತ್ತಾರೆ. ಅವರಿಗಾಗಿ ಅಂದಿನ ವಿಷಯವನ್ನು ಒಂದು ಪುಟದಲ್ಲಿ ಮೊದಲೇ ಬರೆದು ಕೊಡುವ ಪದ್ಧತಿಯನ್ನು ಆರಂಭಿಸಿದ್ದೇವೆ. ಮಾತನ್ನು ಕೇಳಿ ಅಕ್ಷರವಾಗಿ ತೋರಿಸುವ ಸೌಲಭ್ಯ ಕನ್ನಡಕ್ಕೂ ಫೋನಿನಲ್ಲಿ ಬಂದಿದೆ, ಆದರೆ ಸಂಸ್ಕೃತಪದ ಬಂದ ಕಡೆ ಅದು ಎಡವುತ್ತದೆ. ಬರೆದ ಪುಟವೇ ಸದ್ಯಕ್ಕೆ ವಾಸಿ.

ಮಥುರೆಯ ತ್ರಿವಕ್ರೆಯ ಕಥೆಯನ್ನು ಎಲ್ಲರೂ ಬಲ್ಲಿರಿ. ಶ್ರೀಕೃಷ್ಣನು ಅವಳ ಗೂನುಬೆನ್ನನ್ನು ನೆಟ್ಟಗೆ ಮಾಡಿದನೆಂಬುದನ್ನೇ ನಾವು ರಸವತ್ತಾಗಿ ಹೇಳುತ್ತೇವೆ. ಭಾಗವತದಲ್ಲಿ ಕ್ರಮವನ್ನು ನೋಡಿ: ಮೊದಲು ಅವಳು ಕೊಟ್ಟ ಗಂಧವನ್ನು ಸ್ವಾಮಿಯು ಧರಿಸಿದನು, ಬೆನ್ನು ನೆಟ್ಟಗಾದದ್ದು ಆಮೇಲೆ. ಮೂರು ಕಡೆ ಬಾಗಿದ ದೇಹದಿಂದ ಬಂದ ಸೇವೆಯನ್ನೇ ಅವನು ಸ್ವೀಕರಿಸಿದ್ದು. ನಾವು ಇದಕ್ಕೆ ವಿರುದ್ಧವಾಗಿ ನಡೆಯುತ್ತೇವೆ. ಮೊದಲು ವಾಸಿಯಾಗಲಿ, ಆಮೇಲೆ ಸೇವೆಗೆ ಬರಲಿ ಎನ್ನುತ್ತೇವೆ.

ಇದನ್ನೆಲ್ಲ ದಯೆಯೆಂದು ಭಾವಿಸಬೇಡಿ. ಶ್ರೀಮದಾಚಾರ್ಯರು ಗೀತೆಯ ವ್ಯಾಖ್ಯಾನದಲ್ಲಿ ಜನರ ಸೇವೆಯನ್ನು ರಾಜನಿಗೆ ಸಲ್ಲಿಸುವ ಕರಕ್ಕೆ ಹೋಲಿಸಿದ್ದಾರೆ. ನಗರದಲ್ಲಿ ಸಂಬಳದಿಂದ ಬದುಕುವ ನಿಮಗೆ ಕರವೆಂದರೇನೆಂದು ವಿವರಿಸಬೇಕಿಲ್ಲ. ಕರ ಕಟ್ಟಿದವನಿಗೆ ಶಾಲು ಹೊದಿಸಿ ಸನ್ಮಾನ ಮಾಡುವುದಿಲ್ಲ. ಕಟ್ಟದಿದ್ದರೆ ನೋಟೀಸು ಬರುತ್ತದೆ.

ಪಂಚಾಂಗದ ಮಾತಿಗೆ ಮರಳುತ್ತೇನೆ. ನಮ್ಮ ಶಾಖೆಯ ಒಬ್ಬ ವಿದ್ಯಾರ್ಥಿನಿ, ಇಂಜಿನಿಯರಿಂಗ್ ಓದುತ್ತಿರುವವಳು, ಎಂಟು ಸಂಜೆ ಕುಳಿತು ಈ ಸಂವತ್ಸರದ ಉಳಿದ ನಾಲ್ಕು ತಿಂಗಳ ತಿಥಿಗಳನ್ನು ಯುನಿಕೋಡ್ ಅಕ್ಷರದಲ್ಲಿ ಬೆರಳಚ್ಚು ಮಾಡಿದಳು. ಕೋಷ್ಟಕದ ಗೆರೆಗಳನ್ನು ತೆಗೆದು, ಒಂದೊಂದು ದಿನಕ್ಕೆ ಒಂದೊಂದು ಸಾಲು ಕೊಟ್ಟಳು. ಅಚ್ಚಿನ ಪ್ರತಿಯೊಡನೆ ಹೋಲಿಸಿ ಆ ತರುಣನಿಗೆ ಕಳಿಸಿದೆವು. ಮರುದಿನ ಬೆಳಿಗ್ಗೆಯೇ ಅವನ ಫೋನು ಬಂತು. ತಂದೆಯ ಶ್ರಾದ್ಧದ ದಿನ ಸಿಕ್ಕಿತೆಂದು ಹೇಳಿ, ಸ್ವಲ್ಪ ತಡೆದು, “ಆಚಾರ್ಯರೇ, ಮಾಘ ಮಾಸದ ಒಂದು ದ್ವಾದಶಿಗೆ ಪಾರಣೆಯ ಸಮಯ ಬಿಟ್ಟುಹೋಗಿದೆ. ಬೆರಳಚ್ಚಿನ ತಪ್ಪೋ, ಮೂಲದಲ್ಲಿಯೇ ಇಲ್ಲವೋ ನೋಡಿ” ಎಂದ. ನೋಡಿದೆವು. ಮೂಲದಲ್ಲಿಯೇ ಇರಲಿಲ್ಲ. ಅಚ್ಚಿಗೆ ಹೋಗುವ ಮೊದಲು ಎರಡು ಸಲ ಕರಡು ತಿದ್ದಿದ್ದವನು ನಾನೇ. ತಿದ್ದುಪಡಿಯನ್ನು ಈ ಸಂಚಿಕೆಯ ಕೊನೆಯ ಪುಟದಲ್ಲಿ ಕೊಟ್ಟಿದೆ. ದಯಮಾಡಿ ಎಲ್ಲರೂ ತಮ್ಮ ತಮ್ಮ ಪಂಚಾಂಗದಲ್ಲಿ ಗುರುತು ಹಾಕಿಕೊಳ್ಳಬೇಕು.

ಶ್ರೀಕೃಷ್ಣಾರ್ಪಣಮಸ್ತು